ಪದರ ಬಿಚ್ಚದ ಫ್ಯಾನ್ ರೆಕ್ಕೆ

1986ರಲ್ಲಿ ನಾನು ಜಾಲಹಳ್ಳಿ ಕಡೆಯ ಒಂದು ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದಲ್ಲಿ ಕೆಮಿಸ್ಟ್ ಆಗಿದ್ದೆ. ಮೋಟಾರುಗಳನ್ನು ತಂಪಾಗಿಡುವ ಫ್ಯಾನ್ ನಮ್ಮ ಮುಖ್ಯ ಸರಕು. ಬರೀ ನೈಲಾನಿನ ಫ್ಯಾನ್ ತೇವ ಹೀರಿ ಅಳತೆ ತಪ್ಪುತ್ತಿತ್ತು. ಪಾಲಿಪ್ರೊಪಿಲೀನ್ ಬೆರೆಸೋಣ ಎಂದು ಹಟ ಹಿಡಿದವಳು ನಾನೇ. ಆದರೆ ಇವೆರಡರದು ಎಣ್ಣೆ ಸೀಗೆಕಾಯಿ ಸಂಬಂಧ. ಕರಗಿಸಿ ಬೆರೆಸಿದರೂ ಒಳಗೊಳಗೇ ಬೇರೆಯಾಗಿರುತ್ತವೆ. ರೆಕ್ಕೆ ಬಗ್ಗಿಸಿದರೆ ಈರುಳ್ಳಿಯಂತೆ ಪದರ ಬಿಚ್ಚಿಕೊಳ್ಳುತ್ತದೆ.

ಇವನ್ನು ಒಟ್ಟಿಗೆ ಹಿಡಿದಿಡಲು ಕೋಪಾಲಿಮರ್, ಅಂದರೆ ಎರಡಕ್ಕೂ ಅಂಟಿಕೊಳ್ಳುವ ಜೋಡು ಪ್ಲಾಸ್ಟಿಕ್, ಬೇಕು. ನಾನು ಬಳಸಿದ್ದು ಪಾಲಿಪ್ರೊಪಿಲೀನ್ ಸರಪಳಿಗೆ ಮೆಲೀಕ್ ಆನ್‌ಹೈಡ್ರೈಡ್ ಕಸಿ ಮಾಡಿದ್ದನ್ನು. ಸರಪಳಿ ತನ್ನ ಬಳಗದೊಡನೆ ಬೆರೆಯುತ್ತದೆ, ಕಸಿಯ ಕೊಂಬೆ ನೈಲಾನನ್ನು ಹಿಡಿದುಕೊಳ್ಳುತ್ತದೆ. ಲ್ಯಾಬಿನ ಪುಟ್ಟ ಯಂತ್ರದಲ್ಲಿ ತೆಗೆದ ತುಂಡನ್ನು ಸುತ್ತಿಗೆಯಲ್ಲಿ ಬಡಿದರೂ ಪದರ ಏಳಲಿಲ್ಲ. ಶೆಡ್ಡಿನ ದೊಡ್ಡ ಯಂತ್ರದಲ್ಲಿ ತೆಗೆದದ್ದು ಮಾತ್ರ ಎರಡು ಸಲವೂ ಮೋಟಾರು ಕಂಪನಿಯ ಇನ್‌ಸ್ಪೆಕ್ಟರ್ ಕೈಯಲ್ಲೇ ಸುಲಿದು ಬಂತು.

ಮಾಲೀಕರಾದ ರಹೀಂ ಸಾಹೇಬರು ಕೂಗಾಡುವವರಲ್ಲ. "ನೋಡಮ್ಮಾ, ಸೋಮವಾರ ಕೊನೇ ಸ್ಯಾಂಪಲ್. ಅದೂ ಹೋದ್ರೆ ಆರ್ಡರ್ ಬೊಂಬಾಯಿಗೆ. ಸೆಕೆಂಡ್ ಶಿಫ್ಟ್ ಮುಚ್ಬೇಕಾಗ್ತದೆ," ಎಂದರು. ಸೆಕೆಂಡ್ ಶಿಫ್ಟ್ ಎಂದರೆ ಅಬ್ಬಿಗೆರೆಯ ಆಪರೇಟರ್ ಮುನಿರಾಜು ಮತ್ತು ಅವರ ತಂಡ. ಅವರ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು.

ಕೋಪಾಲಿಮರ್ ಇನ್ನಷ್ಟು ಹಾಕಿ ಎಂದು ಸಿಕ್ಕಸಿಕ್ಕವರೆಲ್ಲ ಸಲಹೆ ಕೊಟ್ಟರು, ಸಾರಿಗೆ ಉಪ್ಪು ಹಾಕಿದಷ್ಟು ಸುಲಭ ಎಂಬಂತೆ. ಲ್ಯಾಬಿನಲ್ಲಿ ಸಾಕಾದದ್ದು ಶೆಡ್ಡಿನಲ್ಲಿ ಏಕೆ ಸಾಲದು? ಶನಿವಾರ ನಾನು ಹಾಪರ್ ಪಕ್ಕ, ಅಂದರೆ ಯಂತ್ರಕ್ಕೆ ಪ್ಲಾಸ್ಟಿಕ್ ಕಾಳು ಸುರಿಯುವ ಬಾಯಿಯ ಪಕ್ಕ, ಹೋಗಿ ನಿಂತೆ.

ಮುನಿರಾಜು ಕಾಳು ಸುರಿದರು. ಆಮೇಲೆ ಡಬ್ಬಿಯಿಂದ ಒಂದು ಹಿಡಿ ಬಿಳಿ ಪುಡಿ ತೆಗೆದು, ಅಕ್ಷತೆ ಹಾಕುವಂತೆ ಮೇಲೆ ಚೆಲ್ಲಿದರು.

"ಏನ್ರೀ ಅದು?" ಎಂದೆ.

"ಜಿಂಕ್ ಸ್ಟಿಯರೇಟು ಮೇಡಂ. ಇಂಗೆ ಆಕಿದ್ರೆ ಪೀಸು ಡೈಗೆ ಅಂಟಲ್ಲ. ಎಲ್ಲಾ ಮಾಲಿಗೂ ಆಕ್ತೀವಿ."

ಡೈಗೆ, ಅಂದರೆ ಅಚ್ಚಿಗೆ, ಪೀಸು ಅಂಟದಿರಲೆಂದು ಸುತ್ತಲಿನ ಶೆಡ್ಡುಗಳಲ್ಲೆಲ್ಲ ಅದೇ ವಾಡಿಕೆ. ಲ್ಯಾಬಿನಲ್ಲಿ ಮಾತ್ರ ಆ ಪುಡಿ ಇರಲಿಲ್ಲ. ನನಗೆ ಥಟ್ಟನೆ ಹೊಳೆಯಿತು: ಪುಡಿಯ ಸತು ನೈಲಾನಿಗಿಂತ ಮೊದಲೇ ಹೋಗಿ ಕಸಿಯ ಕೊಂಬೆಯನ್ನು ಹಿಡಿದುಕೊಳ್ಳುತ್ತಿತ್ತು. ನೈಲಾನಿಗೆ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ.

ಪುಡಿಯಿಲ್ಲದೆ ಓಡಿಸಿದೆವು. ಪೀಸು ಡೈಗೆ ಕಚ್ಚಿಕೊಂಡಿತು. "ನಾನ್ ಏಳ್ಲಿಲ್ವಾ ಮೇಡಂ," ಎಂದು ಮುನಿರಾಜು ನಕ್ಕು, ಹಿತ್ತಾಳೆ ಸರಳಿನಿಂದ ಅದನ್ನು ಎಬ್ಬಿಸಿದರು. ಬಗ್ಗಿಸಿ ನೋಡಿದೆ. ಪದರ ಏಳಲಿಲ್ಲ. ಭಾನುವಾರವಿಡೀ ಇಬ್ಬರೂ ಕೂತು ಡೈಯನ್ನು ಮುಖ ಕಾಣುವಷ್ಟು ಪಾಲಿಶ್ ಮಾಡಿದೆವು. ಆಮೇಲೆ ಪೀಸುಗಳು ಸಲೀಸಾಗಿ ಕಳಚಿ ಬಂದವು.

ಸೋಮವಾರ ಇನ್‌ಸ್ಪೆಕ್ಟರ್ ರೆಕ್ಕೆಯನ್ನು ಇಕ್ಕಳದಲ್ಲಿ ತಿರುಚಿದರು, ಕುಟ್ಟಿದರು, ಕೊನೆಗೆ ಬೂಟಿನಡಿ ಹಾಕಿ ತುಳಿದರು. ಬೆವರು ಒರೆಸಿಕೊಂಡು, "ಏನ್ ಹಾಕಿದೀರ್ರೀ ಇದಕ್ಕೆ?" ಎಂದರು.

"ಹಾಕಿದ್ದಲ್ಲ ಸಾರ್, ಬಿಟ್ಟಿದ್ದು," ಎಂದೆ.

ಆ ಮಧ್ಯಾಹ್ನ ಸೆಕೆಂಡ್ ಶಿಫ್ಟಿನವರು ಎಂದಿನಂತೆ ಒಳಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಡಿಗ್ರಿ ಕೈಗೆ ಬಂದ ದಿನವೂ ಅಷ್ಟು ಹಿಗ್ಗಿರಲಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಮದ್ದು ಹತ್ತದಿದ್ದರೆ ಇನ್ನಷ್ಟು ಮದ್ದು ಸುರಿಯಬಾರದು, ಪಥ್ಯ ಎಲ್ಲಿ ಕೆಡುತ್ತಿದೆ ಎಂದು ಹೋಗಿ ನಿಂತು ನೋಡಬೇಕು.