ಎತ್ತು ಸತ್ತ ಮೇಲೆ ಡಾಕ್ಟರನ್ನು ಮಾತಾಡಿಸಲು ಬಂದವರು

೧೯೭೪ರಲ್ಲಿ ನಾನು ನವಲಗುಂದದಲ್ಲಿ ಪಶುವೈದ್ಯನಾಗಿದ್ದೆ. ಸುತ್ತಲಿನ ಹಳ್ಳಿಗಳ ದನದ ದವಾಖಾನೆಗಳ ಮೇಲ್ವಿಚಾರಣೆಯೂ ನನ್ನದೇ. ಮೇಲ್ವಿಚಾರಣೆ ಎಂದರೆ ದೊಡ್ಡದೇನಲ್ಲ. ಲಸಿಕೆ ಹಂಚುವುದು, ತಿಂಗಳಿಗೊಮ್ಮೆ ಡಾಕ್ಟರುಗಳನ್ನೆಲ್ಲ ಕೂಡಿಸಿ ಬಯ್ಯುವುದು. ಬಯ್ಯುವುದರಲ್ಲಿ ನನ್ನನ್ನು ಮೀರಿಸುವವರು ಇಲಾಖೆಯಲ್ಲೇ ಇಲ್ಲ ಎಂಬುದು ನನ್ನ ಹೆಂಡತಿಯ ಅಭಿಪ್ರಾಯವಾಗಿತ್ತು.

ಮೊನ್ನೆ ಪರಿಚಯದ ವರದಿಗಾರರೊಬ್ಬರು ಕೇಳಿದರು: “ವೈದ್ಯರಾಗ, ಅದರಾಗೂ ನಿಮ್ಮ ದನದ ಡಾಕ್ಟರರಾಗ, ಆತ್ಮಹತ್ಯೆ ಜಾಸ್ತಿ ಅಂತಾರಲ್ಲ, ಖರೇನ ಏನ್ರಿ?” ಅಂಕಿಸಂಖ್ಯೆ ಲೆಕ್ಕ ಹಾಕುವವರು ಬೇರೆ ಇದ್ದಾರೆ; ಅವರೂ ಎಲ್ಲ ಕಡೆ ಒಂದೇ ಮಾತು ಹೇಳುವುದಿಲ್ಲ. ನನ್ನ ಜೊತೆ ಕಲಿತವರಲ್ಲಿ ಬಹುತೇಕರು ಗೊಣಗುತ್ತಲೇ ನೌಕರಿ ಮುಗಿಸಿ, ಈಗ ಮನೆಯವರ ಮೇಲೆ ಗೊಣಗುತ್ತ ಚೆನ್ನಾಗಿಯೇ ಇದ್ದಾರೆ. ಆದರೂ ‘ಸುಳ್ಳು’ ಎನ್ನಲು ನನಗೆ ಬಾಯಿ ಬರಲಿಲ್ಲ. ಪ್ರಭಾಕರ ನೆನಪಾದ.

ಪ್ರಭಾಕರ ತುಮಕೂರು ಕಡೆಯವನು. ಬೆಂಗಳೂರಿನಲ್ಲಿ ಕಲಿತು, ಮೊದಲ ನೌಕರಿಗೆಂದು ತಿರ್ಲಾಪುರದ ಆಚೆಯ ಹಳ್ಳಿಯೊಂದರ ದವಾಖಾನೆಗೆ ಬಂದಿದ್ದ. ಮದುವೆಯಾಗಿರಲಿಲ್ಲ. ದವಾಖಾನೆಯ ಹಿಂದಿನ ಕೋಣೆಯಲ್ಲೇ ವಾಸ, ತಾನೇ ಬೇಯಿಸಿಕೊಂಡ ಅನ್ನ. ನಮ್ಮ ಒರಟು ಮಾತು ಕೇಳಿ ಮೊದಮೊದಲು ಎಲ್ಲರೂ ತನ್ನ ಜೊತೆ ಜಗಳಕ್ಕೇ ನಿಂತಿದ್ದಾರೆ ಎಂದುಕೊಂಡಿದ್ದನಂತೆ. ಆದರೆ ಕೈ ಮಾತ್ರ ಬಂಗಾರದ ಕೈ. ಅಡ್ಡ ಸಿಕ್ಕ ಕರುವನ್ನು ತಾಯಿಗೂ ಕರುವಿಗೂ ನೋವಾಗದಂತೆ ಹೊರಗೆ ತೆಗೆಯುತ್ತಿದ್ದ. “ಡಾಕ್ಟರ್ ಸಾಹೇಬ್ರ ಕೈಗುಣ ಅಗದಿ ಚಲೋ ಐತ್ರಿ” ಎಂದು ಊರವರು ನನ್ನೆದುರೇ ಹೇಳುತ್ತಿದ್ದರು.

ಆ ಮಳೆಗಾಲ ಗಳಲೆ ರೋಗ ಬಂತು. ದನದ ಗಂಟಲು ಬಾತು ಉಸಿರು ಕಟ್ಟುವ ಕಾಯಿಲೆ ಇದು. ಮಳೆಗೆ ಮುಂಚೆಯೇ ಲಸಿಕೆ ಹಾಕಬೇಕು, ಲಸಿಕೆಯನ್ನು ಮಂಜುಗಡ್ಡೆಯಲ್ಲಿ ಇಟ್ಟೇ ಸಾಗಿಸಬೇಕು. ಆ ಸಲ ಅದು ತಡವಾಗಿ ಬಂತು. ಬರುವ ಹೊತ್ತಿಗೆ ಎರೆಮಣ್ಣಿನ ದಾರಿಯಲ್ಲಿ ಬಸ್ಸಿನ ಓಡಾಟ ನಿಂತುಹೋಗಿತ್ತು. ಪ್ರಭಾಕರ ಥರ್ಮಾಸ್ ಹೆಗಲಿಗೆ ಹಾಕಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ಊರೂರು ತಿರುಗಿದ. ಎಷ್ಟೋ ದನ ಉಳಿದವು, ಕೆಲವು ಸತ್ತವು. ಉಳಿದವುಗಳ ಮಾತು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಅದರ ಬೆನ್ನಿಗೇ ಫಕೀರಪ್ಪ ಎಂಬ ರೈತರ ಎತ್ತು ಹಳ್ಳದ ದಂಡೆಯಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಿತು. ಹಿಂಗಾಲು ಸತ್ತೇ ಹೋಗಿದ್ದವು. ಪ್ರಭಾಕರ ಬಲ್ಲದ್ದನ್ನೆಲ್ಲ ಮಾಡಿ ನೋಡಿದ, ನನ್ನನ್ನೂ ಕರೆಸಿದ. ಏನೂ ಉಪಾಯವಿರಲಿಲ್ಲ. ಕೊನೆಗೆ ಫಕೀರಪ್ಪನೇ ಕೈಮುಗಿದು, “ಇದರ ನಳ್ಳಾಟ ನೋಡಾಕ ಆಗವಲ್ದ್ರಿ ಸಾಹೇಬ್ರ, ಬಿಡಸ್ರಿ” ಎಂದರು. ವಾಸಿಯಾಗದ ನೋವಿನಲ್ಲಿರುವ ಪಶುವಿಗೆ ದಯಾಮರಣ ಕೊಡುವುದು ನಮ್ಮ ವೃತ್ತಿಯ ಒಂದು ಕೆಲಸ. ಮನುಷ್ಯರ ಡಾಕ್ಟರಿಗೆ ಆ ಭಾರವಿಲ್ಲ. ಪ್ರಭಾಕರ ಅದನ್ನು ಮಾಡಿದ, ಆಮೇಲೆ ಎತ್ತಿನ ಕೊರಳು ತಬ್ಬಿಕೊಂಡು ಎಲ್ಲರೆದುರೇ ಅತ್ತ.

ಮುಂದಿನ ತಿಂಗಳ ಸಭೆಗೆ ಅವನು ನವಲಗುಂದಕ್ಕೆ ಬಂದಾಗ ಗಲ್ಲ ಒಳಸೇರಿದ್ದವು. ಸಭೆ ಮುಗಿದು ಎಲ್ಲರೂ ಚಹಾಕ್ಕೆ ಹೋದರು. ಇವನು ಹಿಂದೆ ಉಳಿದು, ತನ್ನ ಶಸ್ತ್ರಕ್ರಿಯೆಯ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟ. ಅವನಪ್ಪ ಪ್ರೀತಿಯಿಂದ ಕೊಡಿಸಿದ ಪೆಟ್ಟಿಗೆ; ಬೇರೆಯವರು ಮುಟ್ಟಿದರೆ ಸಿಡುಕುತ್ತಿದ್ದ.

“ಇದು ನಿಮ್ಮ ಹತ್ರಾನೇ ಇರ್ಲಿ ಸಾರ್. ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ.”

“ಮತ್ತ ನೀ ಏನ್ ಉಗುರಿಲೆ ಆಪರೇಶನ್ ಮಾಡಾಂವ?” ಎಂದು ರೇಗಿದೆ. ಅವನು ನಗಲಿಲ್ಲ. ಪ್ರಾಣದಂಥ ಪೆಟ್ಟಿಗೆಯನ್ನು ಯಾಕೆ ಕೊಟ್ಟುಬಿಡುತ್ತಿದ್ದಾನೆ ಎಂದು ಆಗ ಹೊಳೆಯಿತು. ಎದ್ದು ಬಾಗಿಲು ಮುಚ್ಚಿ, ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಸುತ್ತುಬಳಸಿ ಮಾತಾಡುವುದು ನನಗೆ ಹುಟ್ಟಾ ಬರುವುದಿಲ್ಲ.

“ಪ್ರಭಾಕರ, ಸಾಯಬೇಕು ಅಂತ ಅನಸ್ತದೇನು?”

“ದಿನಾ ಅನ್ಸುತ್ತೆ ಸಾರ್. ಊರಲ್ಲಿ ಯಾರೂ ನನ್ನ ಮುಖ ನೋಡಲ್ಲ. ಫಕೀರಪ್ಪನವರು ನನ್ನನ್ನ ಕಂಡ್ರೆ ಬೇರೆ ಓಣಿ ಹಿಡೀತಾರೆ. ಬಸವಣ್ಣನ್ನ ಕೊಂದ ಕೈ ಅಲ್ವಾ ಇದು? ನೋವು ಮುಗಿಸೋಕೆ ನನಗೆ ಗೊತ್ತಿರೋದು ಅದೊಂದೇ ದಾರಿ ಅನ್ನಿಸಿಬಿಟ್ಟಿದೆ.”

“ಎತ್ತಿಗೆ ಬ್ಯಾರೆ ದಾರಿ ಇಲ್ಲ ಅಂತ ನಾವಿಬ್ಬರೂ ಹುಡುಕಿ ಹುಡುಕಿ ಸೋತ ಮ್ಯಾಲೆ ತಿಳೀತು. ನಿನಗ ಇನ್ನೂ ಯಾರೂ ಹುಡುಕೇ ಇಲ್ಲಲ್ಲೋ ಮಾರಾಯಾ! ಔಷಧದ ಕಪಾಟಿನ ಕೀಲಿಕೈ ತಗಿ. ಇಲ್ಲೆ ಇಡು.”

ಇಟ್ಟ. ಅವನನ್ನು ಮನೆಗೆ ಕರೆದೊಯ್ದು ಹೆಂಡತಿಗೆ ವಿಷಯ ತಿಳಿಸಿದೆ. ಅವನನ್ನು ಒಬ್ಬನೇ ಬಿಡಬಾರದು ಎಂದು ನಾನು ಹೇಳುವ ಮೊದಲೇ ಆಕೆ ಅವನ ಮುಂದೆ ಮೆಣಸಿನಕಾಯಿ ಬುಟ್ಟಿ ಇಟ್ಟು, “ತೊಟ್ಟು ಬಿಡಸ್ರಿ ಡಾಕ್ಟರ್ರ” ಎಂದು ಬಾಜೂ ಕೂತಿದ್ದಳು.

ಮರುದಿನ ಧಾರವಾಡದ ಮನೋವೈದ್ಯರ ಕಡೆ ಹೋಗೂಣು ಎಂದಾಗ ತಕರಾರು ತೆಗೆದ. ಹುಚ್ಚ ಎನ್ನುತ್ತಾರೆ, ನೌಕರಿ ಹೋಗುತ್ತದೆ ಎಂಬ ಹೆದರಿಕೆ. ದನಕ್ಕೆ ಜ್ವರ ಬಂದರೆ ಮರ್ಯಾದೆಯ ಪ್ರಶ್ನೆ ಎತ್ತದೆ ನಮ್ಮ ಕಡೆ ಹೊಡೆದುಕೊಂಡು ಬರುತ್ತಾರೆ. ನಾವು ಮಾತ್ರ ನಮ್ಮ ಜ್ವರವನ್ನು ಮುಚ್ಚಿಡುತ್ತೇವೆ. ಗದರಿಸಿಯೇ ಕರೆದೊಯ್ದೆ. ಆ ವೈದ್ಯರು ಸಮಾಧಾನದಿಂದ ಕೇಳಿ, ಇದು ವಾಸಿಯಾಗುವ ಕಾಯಿಲೆ ಎಂದು ಅವನಿಗೇ ಹೇಳಿ, ಔಷಧಿ ಬರೆದುಕೊಟ್ಟರು.

ಅಲ್ಲಿಂದ ಬಂದು, ಅವನನ್ನು ಹೆಂಡತಿಗೆ ಒಪ್ಪಿಸಿ, ಸೀದಾ ಆ ಹಳ್ಳಿಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು.

“ಏನ್ರೀ ಫಕೀರಪ್ಪಾ, ಡಾಕ್ಟರಿಗೆ ಬಹಿಷ್ಕಾರ ಹಾಕೀರೇನು?”

ಫಕೀರಪ್ಪ ಗಾಬರಿಯಾದರು. “ಶಿವ ಶಿವಾ! ಏನಂತ ಮಾತಾಡ್ತೀರಿ ಸಾಹೇಬ್ರ? ನನ್ನ ಎತ್ತಿನ ಸಲುವಾಗಿ ಆ ಮನಶ್ಯಾ ಸಣ್ಣ ಕೂಸಿನಂಗ ಅತ್ತಾನ್ರಿ. ನನ್ನ ಮಾರಿ ಕಂಡ್ರ ಮತ್ತ ನೆನಪಾಗಿ ಸಂಕಟ ಆಗ್ತೈತಿ ಅಂತ ನಾನ ಸರದು ಅಡ್ಡ್ಯಾಡ್ತೀನ್ರಿ. ಊರಾಗ ಎಲ್ಲಾರಿಗೂ ಹಂಗ ಹೇಳೇನ್ರಿ, ಡಾಕ್ಟರ್ ಮುಂದ ಎತ್ತಿನ ಸುದ್ದಿ ತಗೀಬ್ಯಾಡ್ರಿ ಅಂತ.”

ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತೆ. ಇಡೀ ಊರು ಅವನ ಮೇಲಿನ ಅಂತಃಕರಣದಿಂದ ಬಾಯಿ ಮುಚ್ಚಿಕೊಂಡಿತ್ತು. ಅವನು ಆ ಮೌನದ ಒಳಗೆ ಸಾಯಲು ಹೊರಟಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಒಳಗಿನಿಂದ ಫಕೀರಪ್ಪನ ಹೆಂಡತಿ ನೀಲವ್ವ ಬಂದು ಗಂಡನ ಮೇಲೆ ಹರಿಹಾಯ್ದರು. “ನಾ ಅವತ್ತ ಬಡಕೊಂಡ್ನಿಲ್ಲೋ? ಸತ್ತ ಮನಿಗೆ ಮಾತಾಡ್ಸಾಕ ಹೋಗೂದಿಲ್ಲೇನು ನಾವು? ಎತ್ತು ನಮ್ಮ ಮನ್ಯಾಗ ಅಷ್ಟ ಸತ್ತೈತೇನು? ಆ ಹುಡುಗಂದೂ ಸತ್ತೈತಿ!”

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇಕಾದವರು ಬುತ್ತಿ ಕಟ್ಟಿಕೊಂಡು ಬಂದು, ಮಾತಾಡಿಸಿ, ಕೂಡ ಕೂತು ಉಣಿಸಿ ಹೋಗುತ್ತಾರೆ. ಫಕೀರಪ್ಪನ ಎತ್ತು ಸತ್ತಾಗಲೂ ಓಣಿಯವರು ಹಾಗೆಯೇ ಬಂದಿದ್ದರಂತೆ. ಡಾಕ್ಟರ ಕೋಣೆಗೆ ಮಾತ್ರ ಯಾರೂ ಹೋಗಿರಲಿಲ್ಲ.

ಗಂಡಹೆಂಡತಿ ಮರುದಿನ ನಮ್ಮ ಮನೆಗೆ ಬಂದರು. ನೀಲವ್ವನ ಕಂಕುಳಲ್ಲಿ ಬುತ್ತಿಯ ಗಂಟು. ಪ್ರಭಾಕರ ಅವರನ್ನು ಕಂಡು ಗೋಡೆಗೆ ಅಂಟಿ ನಿಂತ. ನೀಲವ್ವ ಅವನನ್ನು ಕೂರಿಸಿ, ಅವನ ಬಲಗೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

“ಈ ಕೈ ನಮ್ಮ ಎತ್ತಿನ ನಳ್ಳಾಟ ಬಿಡಿಸಿದ ಕೈ ನನ್ನಪ್ಪಾ. ಇದಕ್ಕ ಪಾಪ ಹತ್ತೂದಿಲ್ಲ. ಅಳೂದಿದ್ರ ನಮ್ಮ ಕೂಡ ಅಳು. ಒಬ್ಬನ ಕುಂತು ಅಳಬ್ಯಾಡ.”

ಮೂವರೂ ಅತ್ತರು. ನಾನು ಹಿತ್ತಲಿಗೆ ಹೋಗಿ ಅತ್ತೆ. ಅಲ್ಲಿ ನನ್ನ ಹೆಂಡತಿ ಆಗಲೇ ಅಳುತ್ತಿದ್ದಳು. ಆಮೇಲೆ ನೀಲವ್ವ ಜೋಳದ ರೊಟ್ಟಿ ಮುರಿದು, ಕಡಲೆಹಿಟ್ಟಿನ ಜುಣಕ ಹಚ್ಚಿ ಅವನ ಬಾಯಿಗಿಟ್ಟರು. ಅವನು ಉಂಡ.

ಒಂದೇ ದಿನಕ್ಕೆ ವಾಸಿಯಾದ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ರಜೆ ಹಾಕಿಸಿ ನಮ್ಮ ಮನೆಯಲ್ಲೇ ಇರಿಸಿಕೊಂಡೆವು, ಔಷಧಿ ತಿಂಗಳುಗಟ್ಟಲೆ ನಡೆಯಿತು, ನಡುವೆ ಕೆಟ್ಟ ದಿನಗಳೂ ಬಂದವು. ಅಂಥ ದಿನ ತಾನಾಗಿಯೇ ಬಂದು ಹೇಳುತ್ತಿದ್ದ. ಅದೇ ದೊಡ್ಡ ಗೆಲುವು. ಅಪಾಯದ ಔಷಧಿಗಳ ಕಪಾಟನ್ನು ಇಬ್ಬರು ಕೂಡಿಯೇ ತೆರೆಯಬೇಕು ಎಂದು ನನ್ನ ದವಾಖಾನೆಗಳಲ್ಲಿ ಕಟ್ಟಪ್ಪಣೆ ಮಾಡಿದೆ. ಸಭೆಯಲ್ಲಿ ಬಯ್ಯುವ ಮುಂಚೆ ಒಬ್ಬೊಬ್ಬರನ್ನೂ ಊಟ, ನಿದ್ದೆ ವಿಚಾರಿಸುವ ರೂಢಿಯೂ ಆಗಿನಿಂದ ಬಂತು.

ಹಿಂಗಾರಿ ಸುಗ್ಗಿಯ ಹೊತ್ತಿಗೆ ಪ್ರಭಾಕರ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದ.

“ಸಾರ್, ನನ್ನ ಪೆಟ್ಟಿಗೆ ಕೊಡಿ. ನೀಲವ್ವನ ಆಕಳಿಗೆ ಕರು ಅಡ್ಡ ಸಿಕ್ಕಿದೆ.”

ನನ್ನ ನೌಕರಿಯಲ್ಲಿ ಅದಕ್ಕಿಂತ ಸಿಹಿ ಮಾತು ನಾನು ಕೇಳಿಲ್ಲ. ಆ ವರದಿಗಾರರಿಗೆ ಇದನ್ನೆಲ್ಲ ಹೇಳಿದೆ. ಸಾವಿನ ಜೊತೆ ದಿನಾ ಕೆಲಸ ಮಾಡುವವರಿಗೆ, ಅದರಲ್ಲೂ ಒಂಟಿಯಾಗಿ ಇರುವವರಿಗೆ, ಅಪಾಯ ಇದ್ದೇ ಇದೆ. ಆದರೆ ಅದು ಹಣೆಬರಹವಲ್ಲ. ನಿಮ್ಮ ಮನೆಯ ಜೀವವೊಂದು ಡಾಕ್ಟರ ಕೈಯಲ್ಲಿ ಹೋದರೆ, ನಿಮ್ಮ ದುಃಖ ಒಂದಿಷ್ಟು ಆರಿದ ಮೇಲೆ, ಅವರ ಮನೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿಯೂ ಆವತ್ತು ಒಲೆ ಹತ್ತಿರುವುದಿಲ್ಲ.