ಮಕ್ಕಳ ಎಳೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಫಕೀರಬಿ ಆಯಿಯ ಮನೆಯಲ್ಲಿ ಗಡಿಯಾರ ಇರಲಿಲ್ಲ. ಆದರೂ ಬೇಸಿಗೆಯಲ್ಲಿ ಅವಳು ಸರಿಯಾದ ಹೊತ್ತಿಗೆ ಹೊಸ್ತಿಲಿಗೆ ಬಂದು, "ಬರ್ರೆಲೇ, ಕುಣಿಗಿ ಇಳೀರಿ!" ಎಂದು ಓಣಿಯ ಮಕ್ಕಳನ್ನೆಲ್ಲ ಕೂಗುತ್ತಿದ್ದಳು. ಸರಿಯಾದ ಹೊತ್ತೆಂದರೆ ದಿನವೂ ಒಂದೇ ಹೊತ್ತಲ್ಲ. ಒಂದು ದಿನ ಹನ್ನೊಂದಕ್ಕೇ ಕೂಗು, ಮೋಡ ಕವಿದ ದಿನ ಎರಡಾದರೂ ಸುದ್ದಿಯಿಲ್ಲ. ಇದು ಇವಳಿಗೆ ಹೇಗಪ್ಪಾ ಗೊತ್ತಾಗುತ್ತದೆ? ಒಂಬತ್ತು ವರ್ಷದ ನನ್ನ ತಲೆಯನ್ನು ಈ ಪ್ರಶ್ನೆ ತಿಂದುಹಾಕಿತ್ತು.

ಕುಣಿ ಎಂದರೆ ಮಗ್ಗದ ಕುಣಿ. ಆಯಿಯ ಗಂಡ ಖಾಸಿಂಸಾಬಜ್ಜ ನೆಲದಲ್ಲಿ ತೋಡಿದ ಆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ, ಆಯಿ ಪಕ್ಕದಲ್ಲಿ ಕೂತು ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು. ನಮ್ಮವ್ವ ಕರಿಯವ್ವ ಹತ್ತಿ ಬಿಡಿಸುವ ಜಿನ್ನಿನ ಗಿರಣಿಗೆ ದುಡಿಯಲು ಹೋಗುವಾಗ ನನ್ನನ್ನೂ ನಾಲ್ಕು ವರ್ಷದ ತಂಗಿ ಮಂಜವ್ವನನ್ನೂ ಆಯಿಗೆ ಒಪ್ಪಿಸಿ ಹೋಗುತ್ತಿದ್ದಳು. ಹೆಣ ಹೂಳುವ ಗುಂಡಿಗೂ ನಮ್ಮಲ್ಲಿ ಕುಣಿ ಎನ್ನುವುದರಿಂದ ಆ ಮಾತು ಅವ್ವನಿಗೆ ಸೇರುತ್ತಿರಲಿಲ್ಲ.

"ಹಂಗ ಕೂಗಬ್ಯಾಡ ಬೇ, ಎದಿ ಝಲ್ ಅಂತೈತಿ."

"ಇದು ಜೀವ ಇದ್ದವರು ಇಳಿಯೋ ಕುಣಿ, ಹೋಗ ಹುಚ್ಚಿ" ಎಂದು ಆಯಿ ನಗುತ್ತಿದ್ದಳು.

ಆ ಕುಣಿಯ ತಂಪು ಏನು ಹೇಳಲಿ! ಸಣ್ಣವರು ನಾಲ್ಕೈದು ಮಂದಿ ಒಳಗೆ, ಉಳಿದವರು ನೀರು ಚಿಮುಕಿಸಿದ ನೆಲದ ಮೇಲೆ. ಆಯಿ ಒಬ್ಬೊಬ್ಬರಿಗೂ ಕೊಡದಿಂದ ನೀರು ಕುಡಿಸುತ್ತಿದ್ದಳು. "ನನಗ ನೀರಡಿಕಿ ಆಗಿಲ್ಲ" ಎಂದರೆ, "ನಿನ್ನ ನೀರಡಿಕೀನ ಯಾರು ಕೇಳ್ಯಾರ? ಕುಡಿ" ಎಂದು ಚೊಂಬು ಬಾಯಿಗೇ ಹಿಡಿಯುತ್ತಿದ್ದಳು.

ಅದು ೧೯೭೪ರ ಬೇಸಿಗೆ. ನಾನು ಪತ್ತೆ ಹಚ್ಚಲೇಬೇಕೆಂದು ಹಟ ಹಿಡಿದೆ. ಆಯಿ ನೆರಳು ನೋಡಿ ಕೂಗುತ್ತಾಳೇನೋ ಎಂದು ಅವರ ಗೋಡೆಯ ನೆರಳಿಗೆ ಇದ್ದಿಲಿನಿಂದ ಗೆರೆ ಎಳೆದೆ. ತಾಳೆಯಾಗಲಿಲ್ಲ. ಮಸೀದಿಯ ಅಜಾನಿಗೂ ತಾಳೆಯಾಗಲಿಲ್ಲ. ಕೊನೆಗೆ ಒಂದು ದಿನ ಆಟ ಬಿಟ್ಟು ಅವರ ಬಾಗಿಲ ಸಂದಿಯಲ್ಲಿ ನಿಂತೆ. ಬಿಸಿಲು ಏರುತ್ತಿತ್ತು. ಟಪ್ ಎಂದು ಮಗ್ಗದ ಮೇಲೆ ಒಂದು ಎಳೆ ಹರಿಯಿತು. ಅಜ್ಜ ಗೊಣಗುತ್ತ ಗಂಟು ಹಾಕಿದ. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರನೆಯದು ಹರಿದಾಗ, "ಇನ್ನ ಇದು ಕೇಳೂದಿಲ್ಲ ತಗಿ" ಎಂದು ಟಾವೆಲ್ ಕೊಡವಿ ಎದ್ದ. ಕುಣಿ ಖಾಲಿಯಾಯಿತು. ಆಯಿ ಸೀದಾ ಹೊಸ್ತಿಲಿಗೆ ಬಂದಳು.

"ಕಂಡುಹಿಡದೆ!" ಎಂದು ನಾನು ಕುಣಿದಾಡಿದೆ.

"ಶಾಣ್ಯಾಕಿ ಅದಿ" ಎಂದಳು ಆಯಿ. "ಬಿಸಿಲಿಗೆ ನೂಲು ಒಣಗಿ ಹರೀತೈತಿ. ನೂಲು ತಡಕೊಳ್ಳಲಾರದ ಬಿಸಿಲು ಮಕ್ಕಳು ಹೆಂಗ ತಡಕೊಂತಾವು?"

ಆಮೇಲೆ ನನ್ನ ಜಂಬ ಕೇಳಬೇಡಿ. ಓಣಿಯ ಬಿಸಿಲಿಗೆಲ್ಲ ನಾನೇ ಪಂಡಿತೆ.

ಹದಿನೈದು ದಿನ ಕಳೆದಿರಬೇಕು. ಮುಳಗುಂದದ ಮದುವೆ ಮನೆಗೆ ಮರುದಿನವೇ ಒಂದು ಸೀರೆ ಕೊಡಬೇಕಾಗಿತ್ತು. ನೂಲು ಹರಿದು ನಡುವೆ ಎದ್ದರೆ ಕೆಲಸ ಮುಗಿಯುವುದಿಲ್ಲವೆಂದು ಅಜ್ಜ ಗೋಣಿತಟ್ಟುಗಳನ್ನು ನೀರಲ್ಲಿ ಅದ್ದಿ ಕಿಟಕಿಗೆ ತೂಗಿಬಿಟ್ಟ, ಮಗ್ಗಕ್ಕೆ ಬಿಗಿದ ನೂಲಿನ ಕೆಳಗೂ ಹರವಿದ. ನೂಲಿಗೆ ತೇವ ತಗುಲಿ ಒಂದು ಎಳೆಯೂ ಹರಿಯಲಿಲ್ಲ. ಲಾಳಿ ಓಡುತ್ತಲೇ ಇತ್ತು. ಆಯಿ ತಲೆ ಎತ್ತದೆ ನೂಲು ಸುತ್ತುತ್ತಲೇ ಇದ್ದಳು. ಇದೊಂದೂ ಹೊರಗಿದ್ದ ನಮಗೆ ಗೊತ್ತಿಲ್ಲ.

"ಅಕ್ಕಾ, ಒಳಗ ಹೋಗೂಣು" ಎಂದಳು ಮಂಜವ್ವ.

"ಆಯಿ ಕೂಗಿಲ್ಲ. ಇನ್ನೂ ನೂಲು ಹರಿದಿಲ್ಲ. ನಿನಗೇನ ಗೊತ್ತು, ಸುಮ್ನ ಕುಂಡರು."

ಎರಡು ಸಲ ಕೇಳಿದಳು. ಎರಡು ಸಲವೂ ನಾನು ರಟ್ಟೆ ಹಿಡಿದು ಕೂರಿಸಿದೆ. ಈ ಮಾತು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮೂರನೇ ಸಲ ಅವಳು ಕೇಳಲಿಲ್ಲ, ಮಗ್ಗುಲಿಗೆ ಉರುಳಿದಳು. ಎತ್ತಿಕೊಂಡು ಆಯಿಯ ಮನೆಯೊಳಗೆ ಓಡಿದೆ. ಮೈ ಹಂಚಿನ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ನನ್ನ ಚೀರಾಟ ಕೇಳಿ ಪಕ್ಕದ ಮನೆಯ ಅಮೃತವ್ವ ಕೌದಿ ಹಿಡಿದು ಬಂದಳು.

"ಉರಿಜ್ವರ ಬಂದಾವ, ಬೆಚ್ಚಗ ಹೊಚ್ರಿ!"

"ಕೌದಿ ಒಯ್ಯಿ ಅತ್ಲಾಗ!" ಆಯಿ ಗದರಿದಳು. "ಬಿಸಿಲು ಹೊಕ್ಕೈತಿ ಕೂಸಿಗೆ."

ಅವಳು ಗಂಡನ ಕಡೆ ನೋಡಿದಳು. ಸೀರೆ ಮುಗಿಯಲು ಒಂದು ಮೊಳ ಬಾಕಿ. ಓಣಿಯ ಮಕ್ಕಳು ಮಗ್ಗ ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ಮನುಷ್ಯ ಒಂದೇ ನೆಗೆತಕ್ಕೆ ಕುಣಿಯಿಂದ ಮೇಲೆ ಬಂದ. ನೂಲಿನ ಕೆಳಗಿನ ಒದ್ದೆ ಗೋಣಿಗಳನ್ನು ತಾನೇ ಎಳೆದೆಳೆದು ಕೊಟ್ಟ. ಆಯಿ ತಂಗಿಯನ್ನು ಎತ್ತಿಕೊಂಡು ಕುಣಿಗಿಳಿದಳು, ಅಂಗಿ ಬಿಚ್ಚಿ, ಮೈಮೇಲೆ ನೀರು ಹನಿಸಿ, ಗೋಣಿಯನ್ನು ಸುತ್ತಲೂ ಹಾಕಿ ಬೀಸಣಿಕೆ ಬೀಸತೊಡಗಿದಳು.

"ನೂಲು ನಂಬಿ ಕುಂತೆ. ಕೂಸು ನೋಡಲಿಲ್ಲ" ಎನ್ನುತ್ತ ಅಳುತ್ತಿದ್ದಳು.

"ನಾನ ತಡದೆ ಆಯಿ, ಆಕಿ ಬರ್ತೀನಿ ಅಂದ್ಲು" ಎಂದು ನಾನೂ ಅತ್ತೆ.

"ನೀ ಸಣ್ಣಾಕಿ. ನಾ ಸಣ್ಣಾಕಿ ಏನು?"

ಎಷ್ಟು ಹೊತ್ತಾಯಿತೋ. ಮಂಜವ್ವ ಕಣ್ಣು ಬಿಟ್ಟು "ನೀರ" ಎಂದಳು. ಆಯಿ ಗುಟುಕು ಗುಟುಕಾಗಿ ಕುಡಿಸಿದಳು. ಅಷ್ಟರಲ್ಲಿ ಅಜ್ಜ ಟಾಂಗಾ ಕರೆತಂದಿದ್ದ. ದವಾಖಾನೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು.

ಗೋಣಿ ತೆಗೆದದ್ದರಿಂದ ಒಣಗಿ ಗರಗರ ಎನ್ನುತ್ತಿದ್ದ ನೂಲು ಮರುದಿನ ಮಗ್ಗದ ಮೇಲೆ ಪಟಪಟ ಹರಿಯಿತು. ಮದುವೆಗೆ ಸೀರೆ ಮುಟ್ಟಲಿಲ್ಲ. ಅಂದಿನಿಂದ ಅಜ್ಜ ಎಂಥ ಅವಸರವಿದ್ದರೂ, ಗೋಣಿ ಹಾಸುವಾಗ ಸೀರೆಯ ದಡಿಯಂಚಿನ ನಾಲ್ಕು ಎಳೆಗೆ ತೇವ ತಗುಲದ ಹಾಗೆ ಸರಿಸಿ ಹಾಸುತ್ತಿದ್ದ.

"ಇವ್ಯಾಕ ಒಣಾ ಬಿಟ್ಟಿ ಅಜ್ಜಾ?" ಎಂದು ಕೇಳಿದೆ.

"ಇವು ಸೀರಿವಲ್ಲ. ಮಕ್ಕಳ ಎಳಿ" ಎಂದ.

ಬಿಸಿಲೇರಿದಾಗ ಆ ಒಣ ಎಳೆಗಳು ಹರಿಯುತ್ತಿದ್ದವು, ಅವನು ಗಂಟು ಹಾಕಿ ಏಳುತ್ತಿದ್ದ, ಆಯಿ ಕೂಗುತ್ತಿದ್ದಳು. ಸಾಲದ್ದಕ್ಕೆ ಆಯಿ ನಡುನಡುವೆ ತಾನೇ ಹೊರಗೆ ಬಂದು ಒಬ್ಬೊಬ್ಬರ ಹಣೆ ಮುಟ್ಟಿ ನೋಡಿ ಹೋಗುತ್ತಿದ್ದಳು.

೧೯೮೮ರಲ್ಲಿ ಮಂಜವ್ವನ ಮದುವೆಗೆ ಆ ಮಗ್ಗದ್ದೇ ಸೀರೆ ಬಂತು, ಅದೂ ಬೇಸಿಗೆಯಲ್ಲೇ ನೇಯ್ದದ್ದು. ಮುಂಡರಗಿಯಿಂದ ಬಂದ ಬೀಗರ ಹೆಂಗಸೊಬ್ಬಳು ಸೆರಗು ಹಿಡಿದು ನೋಡಿ ಮೂಗು ಮುರಿದಳು.

"ದಡಿ ತುಂಬ ಬರೇ ಗಂಟು! ನೇಯ್ದವಗ ಕಣ್ಣು ಕಾಣಸ್ತಾವೋ ಇಲ್ಲೋ?"

ನನಗೆ ರೇಗಿ ಬಾಯಿ ತೆಗೆಯುವಷ್ಟರಲ್ಲಿ ಮಂಜವ್ವ ದಡಿಯ ಮೇಲೆ ಬೆರಳಾಡಿಸಿ ಒಂದು ಗಂಟಿನ ಮೇಲೆ ನಿಲ್ಲಿಸಿದಳು.

"ಚಲೋ ಕಾಣಸ್ತಾವ್ರಿ. ಈ ಒಂದೊಂದು ಗಂಟಿಗೂ ನಮ್ಮ ಓಣಿ ಹುಡುಗರನ್ನ ಬಿಸಿಲಿಂದ ಒಳಗ ಕರದಾರ."