ಗುಲ್ವೆನ್‌ನ ಹೆಬ್ಬೆರಳು

ಗುಲ್ವೆನ್ ಅಬ್‌ಗ್ರಾಲ್ ಬಂಗಾರದಂಥ ಮನುಷ್ಯ ಎಂದು ನಾಂತ್ ಊರಿನ ನಮ್ಮ ಹಡಗುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ನನಗೆ ಸಹಿಸಲಾಗದ ವಿಷಯ. ಪಡುವಣ ಬ್ರಿಟನಿ ಸೀಮೆಯ ಯಾವುದೋ ಮೂಲೆಯಿಂದ ಬಂದವನು, ಫ್ರೆಂಚ್ ಮಾತು ಕೂಡ ನೆಟ್ಟಗೆ ಬಾರದು.

ನಾವಿಬ್ಬರೂ ಗೆರೆ ಅಟ್ಟದ ಕೆಲಸಗಾರರು. ಕಾಗದದಲ್ಲಿ ಬಂದ ಹಡಗನ್ನು ಅಟ್ಟದ ಕಪ್ಪು ಹಲಗೆಯ ನೆಲದ ಮೇಲೆ ನಿಜ ಗಾತ್ರದಲ್ಲಿ ಬಿಡಿಸುವುದು ನಮ್ಮ ಕೆಲಸ. ಆ ಗೆರೆಯಂತೆಯೇ ಕೆಳಗೆ ಉಕ್ಕು ಬಾಗಿಸುತ್ತಾರೆ. ಉದ್ದನೆಯ ಪೈನ್ ಪಟ್ಟಿಯನ್ನು ಬಾಗಿಸಿ, ಮೊಳೆ ಹೊಡೆದು ನಿಲ್ಲಿಸಿ, ಅದರ ಗುಂಟ ಸೀಮೆಸುಣ್ಣ ಎಳೆಯಬೇಕು. ನೀರಿನ ಮಟ್ಟದ ಗೆರೆಗಳಿಗೆ ಕೆಂಪು, ಹಡಗಿನ ಪಕ್ಕೆಲುಬುಗಳಿಗೆ ನೀಲಿ.

ಸಾವಿರದ ಒಂಬೈನೂರ ಐದರಲ್ಲಿ ನಮ್ಮ ಅಟ್ಟಕ್ಕೆ ನೌಕಾದಳದ ಡೆಸ್ಟ್ರಾಯರ್ ಯುದ್ಧನೌಕೆಯ ನಕ್ಷೆ ಬಂತು. ಮುನ್ನೂರು ಟನ್ನಿನ ಸಪೂರ ಹಡಗು, ಆಮೆಯ ಬೆನ್ನಿನಂತೆ ದುಂಡಗಿನ ಮುಂಭಾಗ, ನಾಲ್ಕು ಹೊಗೆಕೊಳವೆ. ಇಪ್ಪತ್ತೆಂಟು ನಾಟ್ ವೇಗದಲ್ಲಿ ಓಡದಿದ್ದರೆ ನೌಕಾದಳ ಒಪ್ಪುವುದಿಲ್ಲ. ಮೈಯಲ್ಲಿ ಬೆರಳಗಲ ಉಬ್ಬಿದ್ದರೂ ನೀರು ಹಿಡಿದೆಳೆಯುತ್ತದೆ. ನಮ್ಮ ಮೇಸ್ತ್ರಿ ಕೆಲಸ ಬಿಡುವವನಿದ್ದ. ಈ ಹಡಗನ್ನು ಚೆನ್ನಾಗಿ ಎಳೆದವನಿಗೇ ಮೇಸ್ತ್ರಿಗಿರಿ ಎಂದು ಇಂಜಿನಿಯರ್ ಲೆರ್ಮಿತ್ ಹೇಳಿದ್ದರು. ಮುಂಭಾಗ ನನಗೆ, ಹಿಂಭಾಗ ಗುಲ್ವೆನ್‌ಗೆ.

ಅವನು ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕಿಟ್ಟು, ಪಟ್ಟಿಯ ಗುಂಟ ಹೆಬ್ಬೆರಳು ಓಡಿಸುತ್ತಿದ್ದ. ಎಲ್ಲೋ ಒಂದು ಕಡೆ ನಿಲ್ಲಿಸಿ "ಇಲ್ಲೊಂದು ಉಬ್ಬೈತೆ" ಎನ್ನುತ್ತಿದ್ದ. ಅಳೆದರೆ ನಿಜವೇ ಇರುತ್ತಿತ್ತು. ನನ್ನ ಭಾಗದಲ್ಲೂ ಎರಡು ಸಲ ಹಿಡಿದ, ಅದೂ ಲೆರ್ಮಿತ್ ಎದುರಿಗೇ.

"ಎಮಿಲಿಯನ್, ಆ ಹೆಬ್ಬೆರಳನ್ನ ನೀನೂ ಸ್ವಲ್ಪ ಎರವಲು ತಗೋಬಾರದೇನಯ್ಯ?" ಎಂದು ಲೆರ್ಮಿತ್ ನಕ್ಕರು.

ಎಲ್ಲರೂ ನಕ್ಕರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಆಮೇಲೆ ನನ್ನ ಕೆಲಸಕ್ಕಿಂತ ಅವನನ್ನು ನೋಡಿದ್ದೇ ಹೆಚ್ಚು. ಗೆರೆ ನೋಡುವಾಗ ಅವನ ಕಣ್ಣು ಮುಚ್ಚಿರುತ್ತಿತ್ತು. ಕಾಗದದ ಅಳತೆಗಳನ್ನು ಕೈಯಾಳು ಹುಡುಗನಿಂದ ಓದಿಸಿಕೊಳ್ಳುತ್ತಿದ್ದ. ಬಾಗಿಲಲ್ಲಿ ಬಿಟ್ಟ ಮರದ ಮೆಟ್ಟನ್ನು ಕಾಲಿನಿಂದ ತಡಕಿ ಹುಡುಕುತ್ತಿದ್ದ. ಕೆಂಪು ಸೀಮೆಸುಣ್ಣ ಸದಾ ಕೋಟಿನ ಎಡಜೇಬಿನಲ್ಲಿ, ನೀಲಿ ಬಲಜೇಬಿನಲ್ಲಿ. ಒಂದು ಮಧ್ಯಾಹ್ನ ಅವನು ಕೋಟು ಗೂಟಕ್ಕೆ ಹಾಕಿ ಊಟಕ್ಕೆ ಹೋದಾಗ ಅವೆರಡನ್ನೂ ಅದಲುಬದಲು ಮಾಡಿದೆ.

ಬಂದವನು ನೀರಿನ ಮಟ್ಟದ ಗೆರೆಯನ್ನು ಉದ್ದಕ್ಕೂ ನೀಲಿಯಲ್ಲಿ ಎಳೆದ. ನಾನು ಲೆರ್ಮಿತ್‌ರನ್ನು ಕರೆತಂದೆ.

"ಮೊಸ್ಯೂ, ಈ ಗೆರೆ ಯಾವ ಬಣ್ಣ ಅಂತ ಅವನನ್ನೇ ಕೇಳಿ."

"ಕೆಂಪು," ಎಂದ ಗುಲ್ವೆನ್. "ಯಾಕೆ?"

"ಇದು ನೀಲಿ ಕಣಯ್ಯ," ಎಂದರು ಲೆರ್ಮಿತ್. ಅವನು ಎರಡೂ ಜೇಬು ತಡವಿದ. ನಿಧಾನಕ್ಕೆ ನಾನಿದ್ದ ಕಡೆ ಮುಖ ತಿರುಗಿಸಿದ.

"ಊಟದ ಹೊತ್ತಲ್ಲಿ ನೀನೊಬ್ಬನೇ ಇದ್ದೆ ಅಲ್ವಾ," ಎಂದಷ್ಟೇ ಅಂದ.

ಕಣ್ಣು ಕಾಣದವನ ಕೈಗೆ ನೌಕಾದಳದ ಹಡಗು ಕೊಡಲಾಗದೆಂದು ಅದೇ ವಾರ ಅವನನ್ನು ಮನೆಗೆ ಕಳಿಸಿದರು. ಅವನು ಹಿಂಭಾಗ ಎಳೆದುಕೊಟ್ಟು ಹೋದ ಆ ಹಡಗು ಪರೀಕ್ಷೆಯ ದಿನ ಇಪ್ಪತ್ತೊಂಬತ್ತು ನಾಟ್ ಓಡಿತು. ಹೊಗಳಿಕೆ, ಮೇಸ್ತ್ರಿಗಿರಿ ಎರಡೂ ನನಗೇ ಬಂದವು.

ಎರಡನೆಯ ಹಡಗು ಬಂದಾಗ ನಾನೂ ಬೋರಲು ಮಲಗಿದೆ. ಎರಡೂ ಕಣ್ಣು ಬಿಟ್ಟು ನೋಡಿದೆ. ಗೆರೆ ಸರಿಯೋ ತಪ್ಪೋ ತಿಳಿಯಲಿಲ್ಲ. ಮೂರು ದಿನ ಕೆಳಗಿನವರು ಉಕ್ಕು ಬಾಗಿಸದೆ ಕಾದರು. ಭಾನುವಾರ ನಾಚಿಕೆ ಬಿಟ್ಟು ಅವನ ಮನೆಗೆ ಹೋದೆ. ಅವನ ಹೆಂಡತಿ ಸುವಾಜಿಗ್ ಕರಿಗೋಧಿ ಹಿಟ್ಟಿನ ದೋಸೆ, ಮಜ್ಜಿಗೆ ತಂದಿಟ್ಟು ಒಳಗೆ ಹೋದಳು.

"ಆ ಹೆಬ್ಬೆರಳಿನ ಕೆಲಸ ನನಗೆ ಹೇಳಿಕೊಡು," ಎಂದೆ.

"ಹದಿನೆಂಟು ವರ್ಷ ನಿನ್ನ ಪಕ್ಕದಾಗೇ ಬೋರಲು ಬಿದ್ದಿದ್ದೆ ಕಣಯ್ಯ. ಒಂದು ದಿನ ಕೇಳಲಿಲ್ಲ ನೀನು."

ಆದರೂ ನನ್ನ ಕೈ ಹಿಡಿದು ಊಟದ ಮೇಜಿನ ಅಂಚಿನ ಗುಂಟ ಓಡಿಸಿದ. ಒಂದು ಕಡೆ ನಿಲ್ಲಿಸಿದ.

"ಇಲ್ಲಿ ಉಬ್ಬೈತೆ. ಗೊತ್ತಾಯ್ತಾ?"

ನನಗೆ ಸಿಕ್ಕಿದ್ದು ಬರೀ ನುಣುಪು ಮರ. ಅವನ ಮುಖ ನೋಡಿದೆ. ಕೆಲಸ ಕಳೆದುಕೊಂಡ ಕುರುಡ ಅಲ್ಲಿ ನೆಮ್ಮದಿಯಾಗಿ ಕೂತಿದ್ದ. ಮೇಸ್ತ್ರಿಯಾದ ನನಗೆ ಮತ್ತೆ ಹೊಟ್ಟೆ ಉರಿಯಿತು.

"ಗೊತ್ತಾಯ್ತು," ಎಂದೆ.